ಪ್ರತಿಕಾಯ ಹುಡುಕಿ ಕ್ಯಾನ್ಸರ್ ತಪಾಸಣೆ: ಬೇಕೇ, ಬೇಡವೇ?

ಗಡ್ಡೆಯ ಪ್ರೋಟೀನ್‌ಗಳ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕಿ, ಲಕ್ಷಣಗಳಿಲ್ಲದವರಿಗೂ ಕ್ಯಾನ್ಸರ್ ತಪಾಸಣೆ ಮಾಡಬೇಕೇ?

ಪರ

ಗಡ್ಡೆ ಹುಟ್ಟುವುದು ನಮ್ಮದೇ ಜೀವಕೋಶದಿಂದ. ಹಾಗಾಗಿ ದೇಹದ ಕಾವಲು ಪಡೆ ಅದನ್ನು ಗುರುತಿಸುವುದೇ ಇಲ್ಲ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಆದರೆ 1982ರಲ್ಲೇ ಸ್ತನ ಕ್ಯಾನ್ಸರ್ ಇದ್ದ ಕೆಲವರ ರಕ್ತದಲ್ಲಿ ಪಿ53 ಪ್ರೋಟೀನ್ ವಿರುದ್ಧದ ಪ್ರತಿಕಾಯಗಳು ಸಿಕ್ಕಿದ್ದವು. ಈ ಪ್ರೋಟೀನ್‌ನ ಜೀನ್ ಕೆಟ್ಟರೆ ಅದು ಬೇಗ ಕರಗದೆ ಜೀವಕೋಶದಲ್ಲಿ ರಾಶಿ ಬೀಳುತ್ತದೆ. ದೇಹದ ಕಣ್ಣು ಅದರ ಮೇಲೆ ಬೀಳುತ್ತದೆ. ಎನ್‌ವೈ-ಇಎಸ್‌ಒ-1 ಎಂಬ ಪ್ರೋಟೀನ್‌ನ ಕತೆ ಇನ್ನೂ ಸ್ವಾರಸ್ಯದ್ದು. ಆರೋಗ್ಯವಂತರಲ್ಲಿ ಹೆಚ್ಚುಕಡಿಮೆ ವೃಷಣದಲ್ಲಷ್ಟೇ ಇರುವ ಇದು ಕೆಲವು ಗಡ್ಡೆಗಳಲ್ಲೂ ಕಾಣಿಸಿಕೊಳ್ಳುತ್ತದೆ. 1997ರಲ್ಲಿ ಇದು ಪತ್ತೆಯಾದದ್ದೂ ರೋಗಿಯೊಬ್ಬರ ಪ್ರತಿಕಾಯಗಳ ಜಾಡು ಹಿಡಿದೇ.

ಸಣ್ಣ ಗಡ್ಡೆ ರಕ್ತಕ್ಕೆ ಬಿಡುವ ಪ್ರೋಟೀನ್ ತೀರಾ ಕಡಿಮೆ. ಅದನ್ನೇ ಹುಡುಕುತ್ತಾ ಕೂತರೆ ತಡವಾಗಬಹುದು. ಪ್ರತಿಕಾಯ ಹಾಗಲ್ಲ. ಗಡ್ಡೆ ಚಿಕ್ಕದಿದ್ದರೂ ದೇಹ ಅದನ್ನು ಬೇಕಾದಷ್ಟು ತಯಾರಿಸಬಲ್ಲದು. ಐಜಿಜಿ ಎಂಬ ಬಗೆಯ ಪ್ರತಿಕಾಯ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 3 ವಾರ ಬೇಕು, ಹಾಗಾಗಿ ಹುಡುಕಲು ಸಮಯವೂ ಸಿಗುತ್ತದೆ.

ಸ್ಕಾಟ್ಲೆಂಡ್‌ನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಜಾಸ್ತಿ ಇದ್ದ 12,208 ಜನರ ಮೇಲೆ ಇದನ್ನು ಪ್ರಯೋಗಿಸಿ ನೋಡಿದರು. ಒಂದು ಗುಂಪಿಗೆ 7 ಪ್ರತಿಕಾಯಗಳ ರಕ್ತಪರೀಕ್ಷೆ, ಪಾಸಿಟಿವ್ ಬಂದವರಿಗೆ ಸಿಟಿ ಸ್ಕ್ಯಾನ್. 2 ವರ್ಷದಲ್ಲಿ ಆ ಗುಂಪಿನಲ್ಲಿ ಸಿಕ್ಕ 56 ಕ್ಯಾನ್ಸರ್‌ಗಳಲ್ಲಿ ಮುಂದುವರಿದ ಹಂತದವು, ಇಲ್ಲವೇ ಹಂತ ತಿಳಿಯದವು 33. ಪರೀಕ್ಷೆ ಮಾಡದ ಗುಂಪಿನಲ್ಲಿ 71ರಲ್ಲಿ 52. ಇದನ್ನು ಸುಮ್ನೆ ತಳ್ಳಿಹಾಕೋಕಾಗಲ್ಲ ಅಲ್ವಾ?

ವಿರೋಧ

ಅದೇ ಪ್ರಯೋಗದ ಇನ್ನೊಂದು ಲೆಕ್ಕವನ್ನೂ ನೋಡಿ. ಪರೀಕ್ಷೆ ಮಾಡಿಸಿಕೊಂಡ ಗುಂಪಿನ ಆ 56 ಕ್ಯಾನ್ಸರ್‌ಗಳಲ್ಲಿ ಪ್ರತಿಕಾಯ ಪರೀಕ್ಷೆ ಪಾಸಿಟಿವ್ ಇದ್ದದ್ದು 18ರಲ್ಲಿ ಮಾತ್ರ. ಉಳಿದ 38 ಜನರಿಗೆ ಬಂದದ್ದು ನೆಗೆಟಿವ್ ವರದಿ. ಅಂಥ ವರದಿ ಕೈಯಲ್ಲಿದ್ದವರು ಕೆಮ್ಮು ಬಂದರೆ ಬೇಗ ಡಾಕ್ಟರ ಹತ್ತಿರ ಹೋಗುತ್ತಾರಾ? ನನಗಂತೂ ಅನುಮಾನ.

ಇದು ಯಂತ್ರದ ತಪ್ಪೂ ಅಲ್ಲ. ಒಂದೇ ಬಗೆಯ ಗಡ್ಡೆ ಇದ್ದರೂ ಒಬ್ಬರ ದೇಹ ಪ್ರತಿಕಾಯ ತಯಾರಿಸುತ್ತದೆ, ಇನ್ನೊಬ್ಬರದು ತಯಾರಿಸುವುದಿಲ್ಲ. ದೇಹ ತಯಾರಿಸದೇ ಇದ್ದದ್ದನ್ನು ಯಾವ ಲ್ಯಾಬ್ ತಾನೇ ಹುಡುಕೀತು? 7ರ ಜಾಗದಲ್ಲಿ 20 ಪ್ರತಿಕಾಯ ಸೇರಿಸಿದರೆ ಹೆಚ್ಚು ಕ್ಯಾನ್ಸರ್ ಸಿಗಬಹುದು, ಆದರೆ ಸುಳ್ಳು ಪಾಸಿಟಿವ್ ಕೂಡ ಏರುತ್ತದೆ. ಈಗಲೇ 100ಕ್ಕೆ ಸುಮಾರು 10 ಜನರಿಗೆ ಪಾಸಿಟಿವ್ ಬಂದಿತ್ತು. ಅವರಲ್ಲಿ ಬಹುಪಾಲು ಜನರಿಗೆ ಆ 2 ವರ್ಷದಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಾಣಲಿಲ್ಲ. ಆದರೂ ಸ್ಕ್ಯಾನ್, ಮತ್ತೆ ಸ್ಕ್ಯಾನ್. ಪಿ53 ಪ್ರತಿಕಾಯವಂತೂ ಹಲವು ಅಂಗಗಳ ಕ್ಯಾನ್ಸರ್‌ನಲ್ಲಿ ಬರುತ್ತದೆ. ಗಡ್ಡೆ ಎಲ್ಲಿದೆ ಅಂತ ಅದೊಂದೇ ಹೇಳುವುದಿಲ್ಲ.

ಆ 2 ವರ್ಷದ ಸಾವುಗಳಲ್ಲೂ ಎರಡು ಗುಂಪಿನ ನಡುವೆ ಸ್ಪಷ್ಟ ವ್ಯತ್ಯಾಸ ಇರಲಿಲ್ಲ. ಅದೇ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನನ್ನು ನೇರವಾಗಿ ಮಾಡಿಸಿದರೆ, ಹೆಚ್ಚು ಧೂಮಪಾನ ಮಾಡಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು, ಎಕ್ಸ್‌ರೇ ಗುಂಪಿಗಿಂತ ಶೇ. 20ರಷ್ಟು ಕಡಿಮೆಯಾಯಿತು ಅಂತ 2011ರ ಅಮೆರಿಕದ ದೊಡ್ಡ ಅಧ್ಯಯನ ತೋರಿಸಿದೆ. ಹಾಗಿದ್ದಾಗ ನಡುವೆ ರಕ್ತಪರೀಕ್ಷೆ ಯಾಕೆ?

ಪ್ರತಿಕಾಯಕ್ಕೆ ಬೆಲೆಯೇ ಇಲ್ಲ ಅಂತ ಅಲ್ಲ. ಕಾರಣ ತಿಳಿಯದೆ ಕೈಕಾಲು ಜೋಮು ಹಿಡಿದವರಲ್ಲಿ, ನಡಿಗೆ ತಪ್ಪುವವರಲ್ಲಿ ‘ಹು’ ಎಂಬ ಪ್ರೋಟೀನ್ (ನರಕೋಶಗಳಲ್ಲೂ ಕೆಲವು ಶ್ವಾಸಕೋಶದ ಗಡ್ಡೆಗಳಲ್ಲೂ ಇರುವಂಥದ್ದು) ವಿರುದ್ಧದ ಪ್ರತಿಕಾಯ ಸಿಕ್ಕರೆ ಡಾಕ್ಟರು ಮೊದಲು ಶ್ವಾಸಕೋಶದ ಕಡೆ ನೋಡುತ್ತಾರೆ. ಅಲ್ಲಿ ರೋಗಿಗೆ ತೊಂದರೆ ಈಗಾಗಲೇ ಶುರುವಾಗಿರುತ್ತದೆ, ಹುಡುಕಬೇಕಾದ ಜಾಗವೂ ಗೊತ್ತಿರುತ್ತದೆ.