ಆಳ ಸಮುದ್ರಕ್ಕೆ ಯಂತ್ರ ಸಾಕೇ, ಮನುಷ್ಯನೂ ಇಳಿಯಬೇಕೇ?

ಭಾರತ ಈಗ ಎರಡೂ ಕೆಲಸ ಮಾಡುತ್ತಿದೆ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ 4,077 ಕೋಟಿ ರೂಪಾಯಿಯ ಆಳ ಸಾಗರ ಯೋಜನೆಯಲ್ಲಿ ಮೂವರನ್ನು 6,000 ಮೀಟರ್ ಆಳಕ್ಕೆ ಒಯ್ಯುವ ‘ಮತ್ಸ್ಯ 6000’ ಎಂಬ ಜಲಾಂತರ್ಗಾಮಿ ಇದೆ. ಮನುಷ್ಯರಿಲ್ಲದೆ ಅಷ್ಟೇ ಆಳಕ್ಕೆ ಹೋಗಿ ಬರುವ ಸ್ವಯಂಚಾಲಿತ ವಾಹನವೂ ಇದೆ. ಹಾಗಾದರೆ ಪ್ರಶ್ನೆ ಇದು: ಆಳದ ಹುಡುಕಾಟವನ್ನು ಪೂರ್ತಿಯಾಗಿ ಯಂತ್ರಗಳಿಗೇ ಬಿಟ್ಟುಬಿಡೋಣವೇ?

ಪರ: ಕಳೆದುಹೋದರೂ ಪರವಾಗಿಲ್ಲ ಅನ್ನುವಂಥದ್ದನ್ನು ಕಳಿಸಿ

2016ರ ಜುಲೈ 22ರಂದು ವಾಯುಪಡೆಯ ಎಎನ್-32 ವಿಮಾನವೊಂದು ಚೆನ್ನೈ ಪಕ್ಕದ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟಿತು. ಒಳಗೆ 29 ಜನ. ಬಂಗಾಳ ಕೊಲ್ಲಿಯ ಮೇಲೆ ಎಲ್ಲೋ ಮಾಯವಾಯಿತು. ಹಡಗುಗಳು ಹುಡುಕಿದವು, ವಿಮಾನಗಳು ಹುಡುಕಿದವು. ಏನೂ ಸಿಗಲಿಲ್ಲ. ಏಳೂವರೆ ವರ್ಷ ಕಳೆದ ಮೇಲೆ, 2024ರ ಜನವರಿಯಲ್ಲಿ ಅದರ ಅವಶೇಷಗಳ ಫೋಟೋ ಹೊರಬಂತು. 3,400 ಮೀಟರ್ ಆಳದಲ್ಲಿ ಬಿದ್ದಿತ್ತು. ಅದನ್ನು ಪತ್ತೆ ಮಾಡಿದ್ದು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ, ಅಂದರೆ ಎನ್‌ಐಒಟಿ ಇಳಿಸಿದ್ದ ಒಂದು ಎಯುವಿ.

ಎಯುವಿ ಅಂದರೆ ಒಳಗೆ ಮನುಷ್ಯನಿಲ್ಲದ, ಮೇಲಿನಿಂದ ಕೇಬಲ್ಲೂ ಇಲ್ಲದ ವಾಹನ. ಹೇಳಿ ಕಳಿಸಿದ ಕೆಲಸವನ್ನು ತಾನೇ ದಾರಿ ನೋಡಿಕೊಂಡು ಮುಗಿಸಿ ಬರುತ್ತದೆ. ಸಮುದ್ರದ ತಳದ ಮೇಲೆ, ಗದ್ದೆ ಉಳುವವರು ಸಾಲು ಹಿಡಿದ ಹಾಗೆ, ಹೋಗಿ ತಿರುಗಿ ಬಂದು ಮತ್ತೆ ಹೋಗುತ್ತದೆ. ಬೇಸರ ಅಂತಿಲ್ಲ, ನಿದ್ದೆ ಅಂತಿಲ್ಲ. 2009ರಲ್ಲಿ 228 ಜನರೊಂದಿಗೆ ಅಟ್ಲಾಂಟಿಕ್‌ಗೆ ಬಿದ್ದ ಏರ್ ಫ್ರಾನ್ಸ್ 447 ವಿಮಾನವನ್ನು 2011ರಲ್ಲಿ ಪತ್ತೆ ಮಾಡಿದ್ದೂ ಇಂಥವೇ. ಸುಮಾರು 3,900 ಮೀಟರ್ ಆಳದಲ್ಲಿ.

ಈಗ ಮನುಷ್ಯನನ್ನು ಒಳಗೆ ಕೂರಿಸಿದ ಕೂಡಲೇ ವಿನ್ಯಾಸ ಹೇಗೆ ಬದಲಾಗುತ್ತದೆ ನೋಡಿ. 6,000 ಮೀಟರ್ ಕೆಳಗೆ ಒಂದು ಚದರ ಸೆಂಟಿಮೀಟರ್ ಮೇಲೆ ಸುಮಾರು 600 ಕೆಜಿ ಒತ್ತಡ. ಕಿರುಬೆರಳಿನ ಉಗುರಿನಷ್ಟು ಜಾಗದ ಮೇಲೆ ಐವತ್ತು ಕೆಜಿಯ ಹನ್ನೆರಡು ಅಕ್ಕಿ ಮೂಟೆ ಪೇರಿಸಿದ ಹಾಗೆ. ಮನುಷ್ಯ ಬದುಕಬೇಕಾದರೆ ಒಳಗೆ ನೆಲದ ಮೇಲಿರುವಷ್ಟೇ ಗಾಳಿಯ ಒತ್ತಡ ಬೇಕು. ಅದಕ್ಕಾಗಿ ಮತ್ಸ್ಯದಲ್ಲಿ 2.1 ಮೀಟರ್ ಅಗಲದ, 80 ಮಿಲಿಮೀಟರ್ ದಪ್ಪದ ಟೈಟಾನಿಯಂ ಗೋಳ. ಆ ಗೋಳದ ಭಾರಕ್ಕೆ ತಕ್ಕಷ್ಟು ತೇಲುವ ಸಾಮಗ್ರಿ. ಅದನ್ನೆಲ್ಲ ನಡೆಸಲು ದೊಡ್ಡ ಬ್ಯಾಟರಿ. ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಹೀರುವ ವ್ಯವಸ್ಥೆ, ತುರ್ತಿಗೆ 96 ಗಂಟೆಯ ಉಸಿರು. ಒಟ್ಟಿನಲ್ಲಿ ಮೂರು ಜನರ ಸುತ್ತ ಒಂದು ಇಡೀ ಮನೆ ಕಟ್ಟಿದ ಹಾಗಾಯಿತು. ಇಷ್ಟೆಲ್ಲ ಮಾಡಿ ಸಿಗುವ ಸಮಯ ಎಷ್ಟು? ಮಾಮೂಲಿ ಮುಳುಗು ಹನ್ನೆರಡು ಗಂಟೆ. ಇಳಿಯಲು, ಏರಲು ತಲಾ ಸುಮಾರು ನಾಲ್ಕು ಗಂಟೆ ಹೋದರೆ ತಳದಲ್ಲಿ ಉಳಿಯುವುದು ನಾಲ್ಕೇ.

ಮನುಷ್ಯನನ್ನು ಇಳಿಸಿಬಿಡಿ, ಅಂದರೆ ವಿನ್ಯಾಸದಿಂದ ಕೆಳಗಿಳಿಸಿಬಿಡಿ. ಈಗ ಹೊರಗಿನ ಕವಚದೊಳಗೆ ನೀರು ನುಗ್ಗಿದರೂ ಚಿಂತೆಯಿಲ್ಲ. ಒಳಗೂ ಹೊರಗೂ ಒತ್ತಡ ಒಂದೇ ಆದರೆ ಅದು ಅಪ್ಪಚ್ಚಿಯಾಗುವುದಿಲ್ಲ. ಬ್ಯಾಟರಿಯನ್ನು ಎಣ್ಣೆ ತುಂಬಿದ ಪೆಟ್ಟಿಗೆಯಲ್ಲಿ ಇಟ್ಟರೆ ಆಯಿತು, ಎಣ್ಣೆ ಒತ್ತಡವನ್ನು ಸಮ ಮಾಡುತ್ತದೆ. ಗಟ್ಟಿ ಡಬ್ಬಿ ಬೇಕಾಗುವುದು ಕಂಪ್ಯೂಟರಿಗೆ, ಒತ್ತಡ ತಡೆಯದ ಇನ್ನು ಕೆಲವು ಭಾಗಗಳಿಗೆ ಮಾತ್ರ. ತೇಲಿಸಲು ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಗುಳ್ಳೆಗಳನ್ನು ರಾಳದಲ್ಲಿ ಕಲಸಿ ಎರಕ ಹೊಯ್ದ ನೊರೆ. ಏನಾದರೂ ಕೈಕೊಟ್ಟರೆ ಹೊಟ್ಟೆಯಲ್ಲಿ ಕಟ್ಟಿದ ಭಾರ ಕಳಚಿ ಬೀಳುತ್ತದೆ, ವಾಹನ ತಾನಾಗಿ ಮೇಲೆ ಬರುತ್ತದೆ. ಸರಳ, ಅಲ್ವಾ? ಸರಳವಾದ್ದರಿಂದಲೇ ಒಂದರ ಬದಲು ನಾಲ್ಕು ಕಟ್ಟಬಹುದು.

ನಾಲ್ಕು ಏಕೆ ಬೇಕು ಅಂದರೆ, ಸಮುದ್ರ ಅಷ್ಟು ದೊಡ್ಡದು. ಮಧ್ಯ ಹಿಂದೂ ಮಹಾಸಾಗರದಲ್ಲಿ ಖನಿಜದ ಗಂಟುಗಳನ್ನು ಹುಡುಕಲು ಭಾರತಕ್ಕೆ ಸಿಕ್ಕಿರುವ ಜಾಗವೇ 75,000 ಚದರ ಕಿಲೋಮೀಟರ್. ಕರ್ನಾಟಕದ ಐದರಲ್ಲಿ ಎರಡು ಪಾಲು! ಅಷ್ಟು ಜಾಗಕ್ಕೆ ಮೂವರನ್ನು ಕಳಿಸಿ ನಾಲ್ಕು ಗಂಟೆ ನೋಡಿ ಬನ್ನಿ ಅನ್ನುವುದು, ಶಿರಸಿಯಿಂದ ಕೊಡಗಿನವರೆಗಿನ ಕಾಡನ್ನು ಅಮಾವಾಸ್ಯೆ ರಾತ್ರಿ ಟಾರ್ಚ್ ಹಿಡಿದು ಸುತ್ತಿ ಬಾ ಅಂದಂತೆ. ಇಡೀ ಜಗತ್ತಿನ ಆಳ ಸಮುದ್ರದ ನೆಲದಲ್ಲಿ ನಾವು ಕಣ್ಣಿನಿಂದಲೋ ಕ್ಯಾಮೆರಾದಿಂದಲೋ ನೋಡಿರುವುದು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ ಎಂದು 2025ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಈ ವೇಗದಲ್ಲಿ ಮನುಷ್ಯರೇ ಹೋಗಿ ನೋಡಿ ಮುಗಿಸುವುದು ಯಾವ ಕಾಲಕ್ಕೆ?

ಕೆಲವು ಕಡೆ ಮನುಷ್ಯನನ್ನು ಕಳಿಸುವ ಮಾತೇ ಇಲ್ಲ. ಅಂಟಾರ್ಕ್ಟಿಕಾದ ಡಾಟ್ಸನ್ ಹಿಮದ ಹಾಸಿನ ಅಡಿಗೆ ಸ್ವೀಡನ್ನಿನ ‘ರಾನ್’ ಎಂಬ ಎಯುವಿ 2022ರಲ್ಲಿ ಹೋಯಿತು. ನೂರಾರು ಮೀಟರ್ ದಪ್ಪದ ಮಂಜುಗಡ್ಡೆ. 27 ದಿನಗಳಲ್ಲಿ ಅದರ ಕೆಳಗೆ ಸಾವಿರ ಕಿಲೋಮೀಟರಿಗೂ ಜಾಸ್ತಿ ಓಡಾಡಿ, ಮಂಜುಗಡ್ಡೆಯ ತಳ ಎಲ್ಲಿ ಹೇಗೆ ಕರಗುತ್ತಿದೆ ಎಂಬ ನಕ್ಷೆ ತಂದಿತು. ತಳದಲ್ಲಿ ಕಣ್ಣೀರ ಹನಿಯ ಆಕಾರದ ವಿಚಿತ್ರ ಗುಂಡಿಗಳಿದ್ದವು. ಅಲ್ಲಿವರೆಗೆ ಯಾರೂ ಕಂಡಿರಲಿಲ್ಲ. 2024ರ ಜನವರಿಯಲ್ಲಿ ಅದೇ ಜಾಗಕ್ಕೆ ಮತ್ತೆ ಹೋದ ರಾನ್ ವಾಪಸ್ ಬರಲೇ ಇಲ್ಲ. ಅದನ್ನು ಕಟ್ಟಿ ನಡೆಸಿದವರಿಗೆ ಸಂಕಟ ಆಗಿರುತ್ತದೆ, ನಿಜ. 2014ರಲ್ಲಿ ಕರ್ಮಡೆಕ್ ಕಂದಕದ 9,900 ಮೀಟರ್ ಆಳದಲ್ಲಿ ಅಮೆರಿಕದ ‘ನೆರಿಯಸ್’ ಎಂಬ ಮನುಷ್ಯರಿಲ್ಲದ ವಾಹನ ಕುಸಿದು ಚೂರಾದಾಗಲೂ ಆಗಿತ್ತು. ಆದರೆ ಆ ಎರಡು ದಿನಗಳಂದೂ ಯಾರ ಮನೆಗೂ ಫೋನ್ ಮಾಡಬೇಕಾಗಿ ಬರಲಿಲ್ಲ. 2023ರ ಜೂನ್‌ನಲ್ಲಿ ಟೈಟಾನಿಕ್ ಅವಶೇಷ ನೋಡಲು ಜನರನ್ನು ಒಯ್ದ ‘ಟೈಟನ್’ ಜಲಾಂತರ್ಗಾಮಿ ಒಡೆದಾಗ ಐದು ಮನೆಗಳಿಗೆ ಹೇಳಬೇಕಾಯಿತು.

ಟೈಟನ್ ಕಟ್ಟಿದವರು ಮಾಡಿದ್ದು ಹುಚ್ಚು ಸಾಹಸ, ಮತ್ಸ್ಯ ಹಾಗಲ್ಲ, ಅದಕ್ಕೆ ತಪಾಸಣೆ ಇದೆ, ಪ್ರಮಾಣಪತ್ರ ಇದೆ ಅನ್ನಬಹುದು. ಒಪ್ಪೋಣ. ನನ್ನ ಮಾತು ಬೇರೆ. ಒಳಗೆ ಜೀವ ಇದ್ದರೆ ವಿನ್ಯಾಸಗಾರನಿಗೆ ತಪ್ಪು ಮಾಡುವ ಸ್ವಾತಂತ್ರ್ಯ ಇರುವುದಿಲ್ಲ. ಹೊಸ ಲೋಹ, ಹೊಸ ಬ್ಯಾಟರಿ, ಹೊಸ ಪ್ರೋಗ್ರಾಂ, ಯಾವುದನ್ನೂ ‘ನೋಡೋಣ, ಏನಾಗುತ್ತೆ’ ಅಂತ ಹಾಕುವಂತಿಲ್ಲ. ಎಯುವಿ ಕಟ್ಟುವವನು ಹಾಕಬಹುದು. ಕಳೆದುಕೊಂಡು ಕಲಿಯಬಹುದು. ನಮ್ಮಂಥ ದೇಶ ಈ ಕೆಲಸದಲ್ಲಿ ಬೇಗ ಮುಂದೆ ಬರಬೇಕಾದರೆ ಬೇಕಾಗಿರುವುದು ಅದೇ. ಮತ್ಸ್ಯಕ್ಕೆ ಹಾಕುವ ದುಡ್ಡಿನಲ್ಲಿ ಎಷ್ಟು ಎಯುವಿ ಬರುತ್ತವೆ ಎಂದು ಒಮ್ಮೆ ಯಾರಾದರೂ ಕೂತು ಲೆಕ್ಕ ಹಾಕಲಿ. ಚಂದ್ರನ ಮೇಲೆ ನಾವು ಮೊದಲು ಇಳಿಸಿದ್ದೂ ರೋವರನ್ನೇ ತಾನೇ? ಅದಕ್ಕೆ ಯಾರೂ ‘ಅದರಲ್ಲಿ ಮನುಷ್ಯ ಇರಲಿಲ್ಲ’ ಎಂದು ಮೂಗು ಮುರಿಯಲಿಲ್ಲ.

ವಿರೋಧ: ಹುಡುಕುವುದು ಬೇರೆ, ಗುರುತಿಸುವುದು ಬೇರೆ

ಮೇಲಿನ ಲೆಕ್ಕಗಳ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ‘ಬಿಟ್ಟುಬಿಡೋಣ’ ಅನ್ನುವ ಒಂದು ಮಾತಿನ ಮೇಲೆ.

ನಮ್ಮ ಕರಾವಳಿಯವರಿಗೆ ‘ಸುವರ್ಣ ತ್ರಿಭುಜ’ ಎಂಬ ಹೆಸರು ಮರೆಯುವಂಥದ್ದಲ್ಲ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಏಳು ಮೀನುಗಾರರೊಂದಿಗೆ ಹೋದ ಬೋಟು. ತಿಂಗಳುಗಟ್ಟಲೆ ಸುದ್ದಿಯಿಲ್ಲ. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಅದರ ಅವಶೇಷವನ್ನು ಮಹಾರಾಷ್ಟ್ರದ ಮಾಲ್ವಣ್ ಹತ್ತಿರ ಸುಮಾರು 60 ಮೀಟರ್ ಆಳದಲ್ಲಿ ಪತ್ತೆ ಮಾಡಿತು. ಮೀನುಗಾರರ ಲೆಕ್ಕದಲ್ಲಿ ಮೂವತ್ತಮೂರು ಮಾರು. ಕೆಳಗೆ ಏನೋ ಬಿದ್ದಿದೆ ಎಂದು ಶಬ್ದದ ಪ್ರತಿಧ್ವನಿಯಿಂದ ಹುಡುಕುವ ಸೋನಾರ್ ಹೇಳಬಲ್ಲದು. ಅದು ಸುವರ್ಣ ತ್ರಿಭುಜವೇ ಎಂದು ಹೇಳಲು ಮುಳುಗು ತಜ್ಞರು ಇಳಿದು ನೋಡಬೇಕಾಯಿತು. 60 ಮೀಟರಿನ ಮಾತು 6,000ಕ್ಕೆ ಹೊಂದುವುದಿಲ್ಲ ಅನ್ನುತ್ತೀರಾ? ಆಳ ಬದಲಾಗಬಹುದು, ಕೆಲಸದ ಬಗೆ ಅದೇ. ಮೊದಲು ಹುಡುಕಬೇಕು, ಆಮೇಲೆ ಗುರುತಿಸಬೇಕು. ಏರ್ ಫ್ರಾನ್ಸ್ ವಿಮಾನದ ವಿಷಯದಲ್ಲೂ ನನ್ನ ಗೆಳೆಯರು ಅರ್ಧ ಕತೆ ಹೇಳಿ ನಿಲ್ಲಿಸಿದ್ದಾರೆ. ಎಯುವಿಗಳು ಅದನ್ನು ಪತ್ತೆ ಹಚ್ಚಿದವು, ಸರಿ. ಕಪ್ಪು ಪೆಟ್ಟಿಗೆ ಎತ್ತಿದ್ದು ಎಯುವಿ ಅಲ್ಲ. ಕೇಬಲ್ ಕಟ್ಟಿದ ಇನ್ನೊಂದು ಯಂತ್ರ. ಅದರ ಕೈಗಳನ್ನು ಆಡಿಸುತ್ತ ಮೇಲೆ ಹಡಗಿನಲ್ಲಿ ಮನುಷ್ಯರು ಕೂತಿದ್ದರು.

ಈ ವಿಷಯದಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುವುದು 1977ರ ಫೆಬ್ರವರಿ. ಗಲಾಪಗೋಸ್ ದ್ವೀಪಗಳ ಹತ್ತಿರ, ಸುಮಾರು 2,500 ಮೀಟರ್ ಆಳ. ಸಮುದ್ರದ ನೆಲ ಸೀಳಿದ ಕಡೆ ಬಿಸಿನೀರು ಚಿಮ್ಮುತ್ತಿರಬೇಕು ಎಂಬ ಅನುಮಾನ ಇಟ್ಟುಕೊಂಡು ಭೂವಿಜ್ಞಾನಿಗಳು ಹೋಗಿದ್ದರು. ಮೊದಲು ಇಳಿದದ್ದು ಯಂತ್ರವೇ. ‘ಆಂಗಸ್’ ಎಂಬ ಕ್ಯಾಮೆರಾ ಚೌಕಟ್ಟನ್ನು ಹಡಗು ಎಳೆದುಕೊಂಡು ಹೋಯಿತು. ಸಾವಿರಾರು ಫೋಟೋ ತೆಗೆಯಿತು. ಬರೀ ಕಪ್ಪು ಬಂಡೆ, ಕಪ್ಪು ಬಂಡೆ. ಒಂದು ಕಡೆ ನೀರಿನ ಉಷ್ಣತೆ ಒಂದು ಕ್ಷಣ ಏರಿ ಇಳಿಯಿತು. ಆ ಹೊತ್ತಿನ ಚಿತ್ರ ತೆಗೆದು ನೋಡಿದರೆ ಹದಿಮೂರೇ ಹದಿಮೂರು ಫೋಟೋಗಳಲ್ಲಿ ಬಿಳಿ ಚಿಪ್ಪುಗಳು. ಅಷ್ಟು ಆಳದಲ್ಲಿ, ಬಿಸಿಲೇ ಇಲ್ಲದ ಕಡೆ, ಇಷ್ಟೊಂದು ಚಿಪ್ಪು ಯಾಕೆ?

ಮರುದಿನ ‘ಆಲ್ವಿನ್’ ಎಂಬ ಜಲಾಂತರ್ಗಾಮಿಯಲ್ಲಿ ಮೂವರು ಇಳಿದರು. ಮುಂದಿನ ಮುಳುಗುಗಳಲ್ಲಿ ಚಿಪ್ಪು, ಏಡಿ, ಮನುಷ್ಯನಷ್ಟು ಉದ್ದದ ಕೊಳವೆ ಹುಳುಗಳ ಒಂದು ಊರೇ ಕಂಡಿತು. ಬಿಸಿಲಿನ ಹಂಗಿಲ್ಲದೆ, ನೆಲದಿಂದ ಬರುವ ಹೈಡ್ರೋಜನ್ ಸಲ್ಫೈಡಿನಿಂದ ಬ್ಯಾಕ್ಟೀರಿಯಾ ಬದುಕುತ್ತವೆ, ಆ ಬ್ಯಾಕ್ಟೀರಿಯಾಗಳಿಂದ ಉಳಿದವು ಬದುಕುತ್ತವೆ ಎಂಬುದು ಆಮೇಲೆ ತಿಳಿಯಿತು. ಜೀವ ಎಲ್ಲೆಲ್ಲಿ ಇರಬಹುದು ಎಂಬ ಲೆಕ್ಕವೇ ತಲೆಕೆಳಗಾಯಿತು. ತಮಾಷೆ ಏನೆಂದರೆ ಆ ಹಡಗಿನಲ್ಲಿ ಒಬ್ಬನೇ ಒಬ್ಬ ಜೀವವಿಜ್ಞಾನಿ ಇರಲಿಲ್ಲ. ಯಾರಿಗೂ ಬೇಕು ಅನಿಸಿರಲಿಲ್ಲ. ಸಿಕ್ಕ ಪ್ರಾಣಿಗಳನ್ನು ಕೆಡದಂತೆ ಇಡಲು ಇದ್ದ ಚೂರು ಫಾರ್ಮಾಲಿನ್ ಸಾಲದೆ, ಪನಾಮಾದಲ್ಲಿ ಕೊಂಡಿದ್ದ ವೋಡ್ಕಾದಲ್ಲಿ ಹಾಕಿಟ್ಟರು.

ಮೊದಲು ಕಂಡದ್ದು ಕ್ಯಾಮೆರಾವೇ ಅಲ್ವಾ ಎಂದು ಕೇಳಬಹುದು. ಹೌದು. ಆದರೆ ಆ ಹದಿಮೂರು ಚಿತ್ರಗಳ ಮುಂದೆ ನಿಂತು ‘ಇದೇನಿದು?’ ಅಂದದ್ದು ಮನುಷ್ಯ. ಹುಡುಕುತ್ತಿದ್ದದ್ದು ಬಿಸಿನೀರನ್ನು, ಸಿಕ್ಕಿದ್ದು ಚಿಪ್ಪು. ಇವತ್ತು ಒಂದು ಎಯುವಿಯ ಪ್ರೋಗ್ರಾಂ ಬರೆಯುವವರು ಅದಕ್ಕೆ ಏನು ಹೇಳಿ ಕಳಿಸುತ್ತಾರೆ? ಖನಿಜದ ಗಂಟು ಎಣಿಸು, ಬಂಡೆಗೆ ಡಿಕ್ಕಿ ಹೊಡೆಯಬೇಡ, ಬ್ಯಾಟರಿ ಇಷ್ಟಕ್ಕೆ ಇಳಿದರೆ ವಾಪಸ್ ಬಾ. ಬೇಕಿಲ್ಲದ್ದನ್ನು ಬಿಟ್ಟು ಬೇಕಾದ್ದನ್ನು ಆರಿಸುವ ಜಾಣ ಯಂತ್ರ ಮಾಡುತ್ತೇವೆ ಅನ್ನುವವರನ್ನು ಕಂಡರೆ ನನಗೆ ಭಯ. ಆ ಹದಿಮೂರು ಚಿತ್ರಗಳು ‘ಬೇಕಿಲ್ಲದ್ದು’ ಎಂಬ ಬುಟ್ಟಿಗೆ ಬಿದ್ದುಬಿಟ್ಟರೆ?

ನಡುವೆ ತಡೆದು ಕೇಳೋಣ ಅಂದರೆ ನೀರು ಬಿಡುವುದಿಲ್ಲ. ಉಪ್ಪುನೀರಿನೊಳಗೆ ರೇಡಿಯೋ ಅಲೆ ದೂರ ಹೋಗುವುದಿಲ್ಲ. ಜಿಪಿಎಸ್ ಇಲ್ಲ. ಉಳಿದಿರುವುದು ಶಬ್ದ ಮಾತ್ರ. ಅದು ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತದೆ. 6,000 ಮೀಟರ್ ಕೆಳಗಿರುವ ವಾಹನಕ್ಕೆ ‘ಏನು ಕಂಡೆ?’ ಎಂದು ಕೇಳಿದರೆ ಉತ್ತರ ಬರಲು ಎಂಟು ಸೆಕೆಂಡ್. ಬರುವುದೂ ಚುಟುಕು ಸಂದೇಶ, ಒಳ್ಳೆಯ ವಿಡಿಯೋ ಅಲ್ಲ. ತನ್ನ ಜಾಗ ಎಲ್ಲಿ ಎಂಬುದನ್ನೂ ಅದು ಬಹುಪಾಲು ಕಣ್ಣು ಕಟ್ಟಿಕೊಂಡು ಹೆಜ್ಜೆ ಎಣಿಸುವವರ ಹಾಗೆ ಲೆಕ್ಕ ಹಾಕುತ್ತದೆ. ತಪ್ಪು ಸ್ವಲ್ಪ ಸ್ವಲ್ಪವೇ ಬೆಳೆಯುತ್ತ ಹೋಗುತ್ತದೆ. ಆಮೇಲೆ ಅದು ಮೇಲೆ ಬರಬೇಕು, ಎತ್ತಿಕೊಳ್ಳಬೇಕು, ಒಳಗಿನದ್ದನ್ನು ಇಳಿಸಿಕೊಳ್ಳಬೇಕು. ಅಷ್ಟರಲ್ಲಿ ಹಡಗು ಮುಂದೆ ಹೋಗಿರುತ್ತದೆ. ಬರದಿದ್ದರೆ, ರಾನ್‌ನ ಹಾಗೆ, ಕೊನೆಯ ಸಲ ಕಂಡದ್ದೆಲ್ಲ ಅದರ ಜೊತೆಗೇ ಹೋಯಿತು. ‘ಕಳೆದುಹೋದರೂ ಪರವಾಗಿಲ್ಲ’ ಎಂಬ ಮಾತು ಯಂತ್ರಕ್ಕೆ ಸರಿ. ಅದು ಕಂಡದ್ದಕ್ಕೂ ಸರಿಯೇ?

ಇನ್ನೊಂದು ಸಂಗತಿ ಸುಮ್ನೆ ಹೇಳಿ ಬಿಡುತ್ತೇನೆ. ಒಳಗೆ ಜನ ಇಲ್ಲದ ವಾಹನವನ್ನು ಕಸಿಯುವುದೂ ಸುಲಭ. 2016ರ ಡಿಸೆಂಬರ್‌ನಲ್ಲಿ ಫಿಲಿಪ್ಪೀನ್ಸಿನ ಸೂಬಿಕ್ ಕೊಲ್ಲಿಯ ಹತ್ತಿರ ಅಮೆರಿಕ ನೌಕಾಪಡೆಯ ಒಂದು ಗ್ಲೈಡರನ್ನು, ಅಂದರೆ ನೀರೊಳಗೆ ತಾನೇ ಸಾಗುವ ಸಣ್ಣ ವಾಹನವನ್ನು, ಚೀನಾದವರು ಎತ್ತಿಕೊಂಡು ಹೋದರು. ಅದು ನೀರಿನ ಉಪ್ಪು, ಉಷ್ಣತೆ ಅಳೆಯುತ್ತಿತ್ತು ಎಂದು ಅಮೆರಿಕ ಹೇಳಿತು. ಕೆಲವು ದಿನ ಬಿಟ್ಟು ವಾಪಸ್ ಕೊಟ್ಟರು ಅನ್ನಿ.

ಟೈಟನ್ ವಿಷಯ. ಅಲ್ಲಿ ಸತ್ತದ್ದು ಮನುಷ್ಯರು ಇಳಿದ ತಪ್ಪಿಗಲ್ಲ. ಕಾರ್ಬನ್ ಫೈಬರಿನ ಗೋಡೆ ಕಟ್ಟಿ, ಪ್ರಮಾಣಪತ್ರ ಬೇಡ ಎಂದ ತಪ್ಪಿಗೆ. ಆಲ್ವಿನ್ 1964ರಿಂದ ಸಮುದ್ರದಲ್ಲಿದೆ. ಭಾಗಗಳು ಬದಲಾಗಿವೆ, ಕೆಲಸ ನಿಂತಿಲ್ಲ, ಒಳಗೆ ಒಂದು ಜೀವವೂ ಹೋಗಿಲ್ಲ. 2025ರ ಆಗಸ್ಟ್‌ನಲ್ಲಿ ನಮ್ಮವರೇ ಇಬ್ಬರು ಫ್ರಾನ್ಸಿನ ‘ನಾಟೀಲ್’ನಲ್ಲಿ ಕೂತು ಅಟ್ಲಾಂಟಿಕ್‌ನಲ್ಲಿ ಒಬ್ಬರು 4,025, ಇನ್ನೊಬ್ಬರು 5,002 ಮೀಟರ್ ಇಳಿದು ಬಂದರು. ಮತ್ಸ್ಯಕ್ಕಾಗಿ ಅದು ತಾಲೀಮು.

ರೋವರ್ ಮಾತಿಗೆ ಒಂದು ಉತ್ತರ ಬಾಕಿ ಇದೆ. ಚಂದ್ರನ ಮೇಲೆ ರೋವರ್ ಇಳಿಸಿದ ದೇಶವೇ ಗಗನಯಾನಕ್ಕೂ ತಯಾರಾಗುತ್ತಿದೆ. ಒಂದು ಇದ್ದರೆ ಇನ್ನೊಂದು ಬೇಡ ಎಂದು ಅಲ್ಲಿ ಯಾರೂ ಹೇಳಲಿಲ್ಲ.

2024ರ ಡಿಸೆಂಬರ್‌ನಲ್ಲಿ ಎನ್‌ಐಒಟಿ ಮತ್ತು ಗೋವಾದ ಧ್ರುವ ಸಂಶೋಧನಾ ಕೇಂದ್ರದವರು ಹಿಂದೂ ಮಹಾಸಾಗರದಲ್ಲಿ 4,500 ಮೀಟರ್ ಆಳದ ಒಂದು ಬಿಸಿನೀರ ಬುಗ್ಗೆಯ ಚಿತ್ರ ತಂದರು. ತೆಗೆದದ್ದು ಎಯುವಿಯೇ. ಮತ್ಸ್ಯ ತಯಾರಾದ ಮೇಲೆ ಅದು ಮೊದಲು ಹೋಗಬೇಕಾದ ಜಾಗ ಅದೇ ಎಂದು ನನ್ನ ಮತ. ಹೋಗುವಾಗ ಮೂರು ಸೀಟಿನಲ್ಲಿ ಒಂದು ಜೀವವಿಜ್ಞಾನಿಗೆ ಇರಲಿ. ಮೇಲಿನ ಹಡಗಿಗೆ ಫಾರ್ಮಾಲಿನ್ ಕ್ಯಾನುಗಳನ್ನು ಎರಡು ಜಾಸ್ತಿಯೇ ಹತ್ತಿಸಲಿ.