ಮಧ್ಯಾಹ್ನದ ಮಾತ್ರೆ ಕೊಡುವವರು ಯಾರು?

ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇರುವ ಮಕ್ಕಳಿಗೆ ಅಲ್ಪಾವಧಿಯ ಮಾತ್ರೆಗಿಂತ ದೀರ್ಘಾವಧಿಯದೇ ಮೇಲು ಎಂದು ನಾನು ಓದಿದ ಲೇಖನವೊಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದೆ. ಅಷ್ಟು ಸಲೀಸಲ್ಲ. ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಪಾಠ ಹೇಳುವ ಶಿಕ್ಷಕಿಯಾಗಿ ಬರೆಯುತ್ತಿದ್ದೇನೆ.

ಈ ತೊಂದರೆಗೆ ಕೊಡುವ ಔಷಧ ಮೀಥೈಲ್‌ಫೆನಿಡೇಟ್. ಅದರ ಅಲ್ಪಾವಧಿಯ ಮಾತ್ರೆ ಬೇಗ ಹಿಡಿಯುತ್ತದೆ, ಸುಮಾರು 4 ಗಂಟೆಯಲ್ಲಿ ಇಳಿದೂ ಬಿಡುತ್ತದೆ. ಬೆಳಗ್ಗೆ 8ಕ್ಕೆ ನುಂಗಿ ಬಂದ ಹುಡುಗನಿಗೆ ಬಿಸಿಯೂಟದ ಹೊತ್ತಿಗೆ ಅದರ ಬಲ ಮುಗಿದಿರುತ್ತದೆ. ಇಳಿಯುವಾಗ ಕೆಲವರಲ್ಲಿ ಸಿಡುಕು, ಅಳು ಹೆಚ್ಚು. ಎರಡನೆಯದನ್ನು ಕೊಡುವವರು ಯಾರು? ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಪಟ್ಟಿಯಲ್ಲಿರುವ ಈ ಔಷಧವನ್ನು ಶಾಲೆಯಲ್ಲಿ ಇಟ್ಟುಕೊಳ್ಳಲು ಮುಖ್ಯಗುರುಗಳು ಅಂಜಿದರೆ ನಾನಂತೂ ತಪ್ಪು ಎನ್ನಲಾರೆ. ಸಹಪಾಠಿಗಳ ಕಣ್ಣಿಗೆ ಬಿದ್ದರೆ ಅಡ್ಡಹೆಸರು ಬೇರೆ. ಬೆಳಗ್ಗೆ ಒಂದೇ ಸಲ ನುಂಗಿದರೆ, ತಯಾರಿಕೆಗೆ ತಕ್ಕಂತೆ 8ರಿಂದ 12 ಗಂಟೆ ನಿಲ್ಲುವ ಮಾತ್ರೆ ಇಲ್ಲಿ ನಿಜಕ್ಕೂ ಉಪಕಾರಿ.

ಆದರೆ ಅದು ಹಸಿವನ್ನೂ ಅಷ್ಟು ಹೊತ್ತು ಕಟ್ಟಿಹಾಕಬಹುದು. ಮೊದಲೇ ಸೊರಗಿದ ಮಗುವಿನ ತಟ್ಟೆಯಲ್ಲಿ ಅನ್ನ ಹಾಗೆಯೇ ಉಳಿದರೆ ಆಗಾಗ ತೂಕ ನೋಡಲೇಬೇಕು. ತಡವಾಗಿ ನುಂಗಿದರೆ ರಾತ್ರಿ ನಿದ್ದೆ ಕೆಡಬಹುದು. ಶನಿವಾರದ ಬೆಳಗಿನ ಶಾಲೆಗೆ ಅಲ್ಪಾವಧಿಯದು ಸಾಕೇ ಎಂದು ವೈದ್ಯರನ್ನು ಕೇಳಬಹುದು. ನಾವೇ ಬದಲಿಸುವುದು ಬೇಡ. ಬೆಲೆಯ ಮಾತನ್ನೂ ಲೇಖನ ಎತ್ತಿಲ್ಲ, ಕೂಲಿಗೆ ಹೋಗುವ ಮನೆಗಳಲ್ಲಿ ಮೊದಲ ಪ್ರಶ್ನೆಯೇ ಅದು.

ಇನ್ನೊಂದು ಮುಖ್ಯ ಸಂಗತಿ: ನುಂಗಲು ಹಟ ಮಾಡುತ್ತಾನೆಂದು ದೀರ್ಘಾವಧಿಯ ಮಾತ್ರೆಯನ್ನು ಕುಟ್ಟಿ ಬೆಲ್ಲದಲ್ಲಿ ಕಲಸಿ ಕೊಡಬೇಡಿ. ದಿನವಿಡೀ ನಿಧಾನವಾಗಿ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಲೇ ಮೈಗೆ ಸೇರುತ್ತದೆ.