ಸಕುರಾಬಾ ಹೆಸರೇ ಇಲ್ವಲ್ಲ!
ಪ್ರೊ ರೆಸ್ಲಿಂಗ್ ಅನ್ನೋ ಪ್ರದರ್ಶನದ ಕುಸ್ತಿಯವರು ಎಂಎಂಎಗೆ (ಹೊಡೆತ, ಪಟ್ಟು ಎರಡೂ ಇರುವ ನಿಜವಾದ ಕಾಳಗಕ್ಕೆ) ಬಂದು ಏಟು ತಿಂದಿದ್ದೇ ಜಾಸ್ತಿ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. 1997ರಲ್ಲಿ ಟೋಕಿಯೊ ಡೋಮ್‌ನಲ್ಲಿ ಜಪಾನಿನ ಪ್ರೊ ರೆಸ್ಲರ್ ತಕಾಡಾ, ಬ್ರೆಜಿಲ್‌ನ ಹೆಸರಾಂತ ಜಿಯು-ಜಿಟ್ಸು ಮನೆತನದ ರಿಕ್ಸನ್ ಗ್ರೇಸಿಗೆ ಸೋತಿದ್ದನ್ನೂ ಹೇಳಿದ್ದೀರಿ. ಸರಿ, ಒಪ್ಪಿದೆ. ಆದರೆ ಅದೇ ತಕಾಡಾ ಗರಡಿಯ ಕಝುಶಿ ಸಕುರಾಬಾ ಅವರನ್ನು ಬಿಟ್ಟರೆ ಹೇಗೆ?

2000ದ ಮೇ 1ರಂದು ಅದೇ ಡೋಮ್‌ನಲ್ಲಿ ಅವರು ರಾಯ್ಸ್ ಗ್ರೇಸಿ ಜೊತೆ 90 ನಿಮಿಷ ಕಾದಾಡಿದರು. 15 ನಿಮಿಷದ ಆರು ಸುತ್ತು! ಕೊನೆಗೆ ರಾಯ್ಸ್ ಕಡೆಯವರೇ ಸೋಲೊಪ್ಪಿ ಟವೆಲ್ ಎಸೆದರು. ಅಷ್ಟಾದ ಮೇಲೆ ಅದೇ ರಾತ್ರಿ ತಮಗಿಂತ ತುಂಬಾ ತೂಕದ ಇಗೊರ್ ವೊವ್ಚಾಂಚಿನ್ ಎದುರು ಮತ್ತೆ 15 ನಿಮಿಷ ನಿಂತರು. ಅಲ್ಲಿ ಸೋತರು, ಆದರೆ ಅದನ್ನು ಸೋಲು ಅನ್ನೋಕೆ ನನಗಂತೂ ಮನಸ್ಸಿಲ್ಲ.

ಗೆಲ್ಲೋರು ಯಾರು ಅಂತ ಮೊದಲೇ ಗೊತ್ತಿರುವ ಆಟದಿಂದ ಬಂದವರು, ನಿಜ. ಹಾಗಂತ ಅಲ್ಲಿ ಕಲಿತ ಪಟ್ಟುಗಳು ಸುಳ್ಳಲ್ಲ, ಅಲ್ವಾ? ರಾಯ್ಲರ್, ರೆಂಜೊ ಇಬ್ಬರೂ ಗ್ರೇಸಿಗಳು ಸಕುರಾಬಾ ಹಾಕಿದ, ಕೈ ತಿರುಚುವ ಕಿಮುರಾ ಪಟ್ಟಿಗೇ ಸಿಕ್ಕಿಬಿದ್ದಿದ್ದು.